ದಾವಣಗೆರೆ ಬಿಸಿಲಲ್ಲಿ ರಾಗಿ ಬಿಯರ್: ಒಂದು ಒಡೆದ ಬಾಟಲಿ, ಇನ್ನೂರು ಇಟ್ಟಿಗೆ

ರಾತ್ರಿ ಎರಡೂವರೆಗೆ ಅಡುಗೆಮನೆಯಲ್ಲಿ ಲಕ್ಷ್ಮಿ ಪಟಾಕಿ ಹೊಡೆದ ಹಾಗೆ ಸದ್ದಾಯಿತು. "ಸಿಲಿಂಡರ್ ಏನಾರ ಆತೇನೋ?" ಅಂತ ಅವ್ವ ಹಾಸಿಗೆಯಿಂದಲೇ ಕೂಗಿದಳು. ಲೈಟ್ ಹಾಕಿ ನೋಡಿದೆ. ಸಿಲಿಂಡರ್ ತಣ್ಣಗೆ ಕೂತಿತ್ತು. ಗೋಡೆ ಮೇಲಿಂದ ಕಂದು ಬಣ್ಣದ ರಸ ಇಳಿಯುತ್ತಿತ್ತು. ಹಳೆಯ ಸ್ಕ್ವಾಷ್ ಬಾಟಲಿಯ ಕತ್ತು ಸಿಂಕಿನಲ್ಲಿ ಬಿದ್ದಿತ್ತು, ತಳ ಮಾತ್ರ ಇಟ್ಟಲ್ಲೇ ಇತ್ತು. ಉಳಿದದ್ದೆಲ್ಲ ಚೂರಾಗಿ ಕಾಫಿಪುಡಿ ಡಬ್ಬಿವರೆಗೆ ಹರಡಿತ್ತು. ಒಂದು ಚೂರು ಕ್ಯಾಲೆಂಡರಿನ ಏಪ್ರಿಲ್ ಹಾಳೆಯನ್ನು ಸೀಳಿ ಹೋಗಿತ್ತು. ಆ ಜಾಗದಲ್ಲಿ ಯಾರಾದರೂ ನಿಂತಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ.

ಅದು ನನ್ನ ರಾಗಿ ಬಿಯರಿನ ಎರಡನೇ ಬ್ಯಾಚ್. ನಾಲ್ಕನೆಯದು ಈಗ ಫ್ರಿಜ್ಜಿನಲ್ಲಿ ಸುಮ್ನೆ ಕೂತಿದೆ, ಕುಡಿಯೋಕೂ ಚೆನ್ನಾಗಿದೆ. ನಡುವೆ ಏನೇನಾಯಿತು ಅನ್ನುವುದು ನೋಟ್‌ಬುಕ್ಕಿನಲ್ಲಿ ಚುಟುಕಾಗಿದೆ. ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ. ಶುರು ಮಾಡಿದಾಗ ಸಾಮಾನು ಒಳ್ಳೆಯದಿದ್ದರೆ, ಸಾವಯವ ಆಗಿದ್ದರೆ ಉಳಿದದ್ದು ತಾನೇ ಸರಿಯಾಗುತ್ತದೆ ಅಂದುಕೊಂಡಿದ್ದೆ. ನಮ್ಮೂರಿನಲ್ಲಿ ಹಾಗಾಗಲಿಲ್ಲ. ಮೂರು ತಿಂಗಳು ನಾನು ಗುದ್ದಾಡಿದ್ದು ಬಿಸಿಯ ಜೊತೆ.

ಬಿಯರ್ ಅಂತ ಬಾಯಿಮಾತಿಗೆ ಅನ್ನುತ್ತೇನೆ ಅಷ್ಟೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಬೆಂಗಳೂರಿನಲ್ಲಿ ತಾವೇ ಬಿಯರ್ ತಯಾರಿಸಿ ಅಲ್ಲೇ ಮಾರುವ ಬ್ರೂಪಬ್‌ನವರು ಅದಕ್ಕೆಂದೇ ಲೈಸೆನ್ಸ್ ತೆಗೆದುಕೊಂಡಿರುತ್ತಾರೆ. ಇನ್ನು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಆಲ್ಕೋಹಾಲ್ ಅರ್ಧ ಪರ್ಸೆಂಟ್ ದಾಟಿದರೆ ಅದು ಮದ್ಯದ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕಾಳು ಮೊಳಕೆ ಕಟ್ಟುವುದು, ಕುದಿಸುವುದು ಎಲ್ಲ ಬಿಯರಿನ ಹಾಗೇ. ಹುದುಗು ಮಾತ್ರ ಅರ್ಧ ಪರ್ಸೆಂಟಿನ ಒಳಗೆ ನಿಲ್ಲಬೇಕು. ಗೋಲಿ ಸೋಡಾದ ಅಣ್ಣ ಅನ್ನಿ ಬೇಕಾದರೆ.

ಇದರ ಲೆಕ್ಕ ಸುಲಭ. ಈಸ್ಟ್ ತಿಂದ ಸಕ್ಕರೆಯ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಗ್ಯಾಸ್ ಆಗುತ್ತದೆ, ಅರ್ಧ ಆಲ್ಕೋಹಾಲ್. ಲೀಟರಿಗೆ 8 ಗ್ರಾಂ ಸಕ್ಕರೆ ಕರಗಿದರೆ 4 ಗ್ರಾಂ ಗ್ಯಾಸ್, 4 ಗ್ರಾಂ ಆಲ್ಕೋಹಾಲ್. ಆ 4 ಗ್ರಾಂ ಅಳತೆಯಲ್ಲಿ 5 ಎಂಎಲ್, ಅಂದರೆ ಅರ್ಧ ಪರ್ಸೆಂಟ್. ರಸದಲ್ಲಿ ತೇಲಿ ಅದೆಷ್ಟು ಗಟ್ಟಿ ಅಂತ ತೋರಿಸುವ ಗಾಜಿನ ಕಡ್ಡಿ ಹೈಡ್ರೋಮೀಟರ್. ಬರೀ ನೀರಿಗೆ 1.000, ಸಕ್ಕರೆ ಇದ್ದಷ್ಟೂ ಜಾಸ್ತಿ. ಅದರಲ್ಲಿ ಇದು ನಾಲ್ಕು ಗೆರೆ ಇಳಿದ ಹಾಗೆ: 1.030 ಇದ್ದದ್ದು 1.026. ನಾನು ಮೂರು ಗೆರೆಗೇ ನಿಲ್ಲಿಸುತ್ತೇನೆ. ಅಷ್ಟು ಗ್ಯಾಸ್ ನಾಲಿಗೆ ಚುರುಗುಟ್ಟೋಕೆ ಸಾಕು. ಮೂರೇ ಮೂರು ಗೆರೆ, ಅದನ್ನು ಸರಿಯಾದ ಹೊತ್ತಿಗೆ ಹಿಡಿಯುವುದೇ ಕಷ್ಟದ ಕೆಲಸ.

ರಾಗಿ ಮೊಳಕೆ

ಬಾರ್ಲಿ ನಮ್ಮ ಕಡೆ ಬೆಳೆಯುವುದಿಲ್ಲ. ತರಿಸಬಹುದು, ಆದರೆ ರಾಗಿ ನಮ್ಮ ಸುತ್ತಮುತ್ತಲೇ ಸಿಗುವಾಗ ಯಾಕೆ? ರಾಗಿಗೆ ಈ ಕೆಲಸ ಹೊಸದೂ ಅಲ್ಲ. ಅದರ ಮೂಲ ಪೂರ್ವ ಆಫ್ರಿಕಾ. ಉಗಾಂಡ, ಜಿಂಬಾಬ್ವೆ ಕಡೆ ಇವತ್ತಿಗೂ ರಾಗಿ ಮೊಳಕೆಯಿಂದ ಬಿಯರ್ ಮಾಡುತ್ತಾರೆ. ಸಿಕ್ಕಿಂನಲ್ಲಿ ತೊಂಗ್ಬಾ ಅಂತ ಬಿದಿರಿನ ಪಾತ್ರೆಯಲ್ಲಿ ಕುಡಿಯುವುದೂ ರಾಗಿಯದ್ದೇ. ನಾವು ಮಾತ್ರ ಮುದ್ದೆ, ಅಂಬಲಿ, ಕೂಸಿಗೆ ರಾಗಿ ಸರಿ ಅಂತ ನಿಂತುಬಿಟ್ಟೆವು.

ಮೊದಲು ಅಂಗಡಿಯಿಂದ ಸಾವಯವ ಅಂತ ಚೀಟಿ ಅಂಟಿಸಿದ ಎರಡು ಕೆಜಿ ಪ್ಯಾಕೆಟ್ ತಂದೆ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಎರಡು ದಿನಕ್ಕೆ ಮೊಳೆತದ್ದು 41. ಉಳಿದವು ಬರೀ ಊದಿಕೊಂಡು ಕೂತಿದ್ದವು. ರಾಗಿ ಎಷ್ಟು ಹಳೆಯದೋ, ಗೋದಾಮಿನಲ್ಲಿ ಎಷ್ಟು ಬಿಸಿ ತಿಂದಿತ್ತೋ. ಚೀಟಿ ಅದನ್ನು ಹೇಳುವುದಿಲ್ಲ. ಆಮೇಲೆ ಅತ್ತಿಗೆಯ ತವರು ಹೊಸದುರ್ಗದಿಂದ ಒಂದು ಚೀಲ ಬಂತು. ಕೊಟ್ಟಿಗೆ ಗೊಬ್ಬರ ಬಿಟ್ಟು ಬೇರೇನೂ ಹಾಕದ ಹೊಲದ್ದು. ನೂರಕ್ಕೆ 93 ಮೊಳೆತವು. ಮೊಳಕೆ ಕಟ್ಟಿ ಒಣಗಿಸಿದ ಕಾಳೇ ಮಾಲ್ಟ್. ಮೊಳೆಯದ ಕಾಳಿನಿಂದ ಅದು ಆಗುವುದಿಲ್ಲ, ಹಾಗಾಗಿ ನನ್ನ ಪರೀಕ್ಷೆ ಇದೊಂದೇ: ನೂರು ಕಾಳು, ಒಂದು ಬಟ್ಟೆ. ಬಿತ್ತನೆ ರಾಗಿಯನ್ನು ಮಾತ್ರ ಮುಟ್ಟಬೇಡಿ, ಅದಕ್ಕೆ ಔಷಧಿ ಸವರಿರುತ್ತಾರೆ.

ಒಂದೂವರೆ ಕೆಜಿ ರಾಗಿಯನ್ನು ಜಾಲಿಸಿ ಕಲ್ಲು ತೆಗೆದು ಸಂಜೆ ನೆನೆಹಾಕಿದೆ. ನಡುವೆ ಎರಡು ಸಲ ನೀರು ಬದಲಿಸಿ ಬೆಳಿಗ್ಗೆ ಬಸಿದೆ. ಅವ್ವ ರಾಗಿ ಸರಿಗೆ ಒಂದೇ ದಿನ ಮೊಳಕೆ ಕಟ್ಟುತ್ತಾಳೆ, ಬಿಳಿ ಮೂತಿ ಕಂಡರೆ ಸಾಕು. ನನಗೆ ಅಷ್ಟು ಸಾಲದು. ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆ ಮಾಡುವ ಎಂಜೈಮ್ ಮೊಳಕೆ ಬೆಳೆದಂತೆಲ್ಲ ಜಾಸ್ತಿಯಾಗುತ್ತದೆ. ಅದಕ್ಕೆ ಎರಡೂವರೆ ದಿನ ಬಿಟ್ಟೆ. ಮೊದಲ ಸಲ ಗಂಟು ಬಿಗಿಯಾಗಿ ಕಟ್ಟಿ ಮರೆತದ್ದಕ್ಕೆ ಒಳಗೆ ಕೈ ಹಾಕಿದರೆ ಬೆಚ್ಚಗೆ, ಹುಳಿ ವಾಸನೆ. ಎಮ್ಮೆ ಕೂಡ ಮೂಸಿ ಬಿಟ್ಟಿತು. ಮೊಳೆಯುವ ಕಾಳು ತಾನೇ ಶಾಖ ಬಿಡುತ್ತದೆ, ಮಾರ್ಚಿನಲ್ಲಿ ಅದಕ್ಕೆ ನಮ್ಮ ಬಿಸಿಲೂ ಸೇರುತ್ತದೆ. ಎರಡನೇ ಸಲ ಗಂಟು ಬಿಚ್ಚಿ ಅಗಲ ತಟ್ಟೆಯಲ್ಲಿ ಒಂದು ಬೆರಳು ದಪ್ಪಕ್ಕೆ ಹರವಿದೆ. ಮೇಲೆ ಒದ್ದೆ ಪಂಚೆ ಹೊದಿಸಿ ಆರು ತಾಸಿಗೊಮ್ಮೆ ಕೈಯಾಡಿಸಿದೆ. ಆಗ ಸೌತೆಕಾಯಿ ಹೆಚ್ಚಿದ ಹಾಗೆ ತಂಪು ವಾಸನೆ ಬಂತು.

ಒಂದು ದಿನ ನೆರಳಿನಲ್ಲಿ, ಒಂದು ದಿನ ತಾರಸಿಯಲ್ಲಿ ಒಣಗಿಸಿದೆ. ಒದ್ದೆ ಇದ್ದಾಗಲೇ ಸುಡುಬಿಸಿಲಿಗೆ ಹಾಕಿದರೆ ಎಂಜೈಮ್ ಹಾಳಾಗುತ್ತದೆ, ಒಣಗಿದ ಮೇಲೆ ತಡೆದುಕೊಳ್ಳುತ್ತದೆ. ಒಣಗಿದ್ದನ್ನು ಎರಡು ಅಂಗೈ ನಡುವೆ ಉಜ್ಜಿದರೆ ಬೇರು ಕೂದಲಿನ ಹಾಗೆ ಉದುರುತ್ತದೆ. ಅದು ಕಹಿ, ತೆಗೆಯಲೇಬೇಕು. ಕೇರುವ ಕೆಲಸ ಅವ್ವನದು. ನಾನು ಮೊರ ಹಿಡಿದರೆ ಬೇರಿಗಿಂತ ಮೊದಲು ರಾಗಿ ನೆಲಕ್ಕೆ ಬೀಳುತ್ತದೆ. ಕಡೆಗೆ ಸಿಕ್ಕಿದ್ದು ಒಂದು ಕೆಜಿ ಮುನ್ನೂರು ಗ್ರಾಂ. ಅದರಲ್ಲಿ ನೂರು ಗ್ರಾಂ ಬಾಣಲೆಯಲ್ಲಿ ಕಾಫಿ ಬಣ್ಣಕ್ಕೆ ಹುರಿದುಕೊಂಡೆ, ಬಣ್ಣಕ್ಕೆ ಮತ್ತು ಘಮಕ್ಕೆ.

ಮೊದಲ ಬ್ಯಾಚ್ ಅಂಬಲಿಯಾಯಿತು

ಬಾರ್ಲಿ ಬಿಯರ್ ಮಾಡುವವರು ಪುಡಿ ಮಾಡಿದ ಮಾಲ್ಟನ್ನು 65 ಡಿಗ್ರಿ ನೀರಿನಲ್ಲಿ ಒಂದು ತಾಸು ಇಡುತ್ತಾರೆ. ಪಿಷ್ಟ ಸಕ್ಕರೆಯಾಗುತ್ತದೆ, ಸೋಸಿದರೆ ಸಿಹಿ ರಸ. ನಾನೂ ಹಾಗೇ ಮಾಡಿದೆ. ಪಾತ್ರೆಗೆ ಚಳ್ಳಕೆರೆ ಕಂಬಳಿ ಸುತ್ತಿದೆ. ಒಂದು ತಾಸಿಗೆ ಮೂರೇ ಡಿಗ್ರಿ ಇಳಿಯಿತು. 

ಆಮೇಲೆ ಅಯೋಡಿನ್ ಪರೀಕ್ಷೆ. ಮೆಡಿಕಲ್ ಶಾಪಿನಲ್ಲಿ ಗಾಯಕ್ಕೆ ಕೊಡುವ ಟಿಂಚರ್ ಅಯೋಡಿನ್ ಸಾಕು. ಬಿಳಿ ಸಾಸರಿನ ಮೇಲೆ ಒಂದು ಚಮಚ ರಸ, ಅದಕ್ಕೆ ಒಂದು ಹನಿ. ಪಿಷ್ಟ ಉಳಿದಿದ್ದರೆ ನೀಲಿ-ಕಪ್ಪು, ಮುಗಿದಿದ್ದರೆ ಅಯೋಡಿನ್ನಿನ ಚಹಾ ಬಣ್ಣವೇ ಉಳಿಯುತ್ತದೆ. ನನ್ನ ಸಾಸರ್ ಇಂಕು ಚೆಲ್ಲಿದ ಹಾಗಾಯಿತು. ಇನ್ನೊಂದು ತಾಸು ಬಿಟ್ಟು ನೋಡಿದೆ, ಮತ್ತೆ ಇಂಕು. ಪಂಚೆಯಲ್ಲಿ ಸೋಸೋಕೆ ಹೋದರೆ ಬಟ್ಟೆಯ ಕಣ್ಣೆಲ್ಲ ಕಟ್ಟಿಕೊಂಡು ಮೂರು ತಾಸಿಗೆ ಎರಡು ಲೀಟರ್ ಇಳಿಯಿತು. ಹೈಡ್ರೋಮೀಟರ್ 1.012 ತೋರಿಸಿತು. ಅದು ಬಿಯರಿಗೂ ಆಗದು, ಸೋಡಾಕ್ಕೂ ಆಗದು. ಅವ್ವ ಅದಕ್ಕೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿದಳು. "ಚಲೋ ಐತಲ್ಲ, ಇದಕ್ಯಾಕೆ ಇಷ್ಟು ಒದ್ದಾಟ?" ಅಂದಳು.

ಕಾರಣ ಹುಡುಕಿದೆ. ಬಾರ್ಲಿಯ ಪಿಷ್ಟ 60-65 ಡಿಗ್ರಿಯ ಆಸುಪಾಸಿನಲ್ಲೇ ಅರಳುತ್ತದೆ. ಆ ಬಿಸಿಯಲ್ಲಿ ಎಂಜೈಮ್‌ಗಳೂ ಜೀವಂತ ಇರುತ್ತವೆ. ರಾಗಿ ಪಿಷ್ಟ ಅದಕ್ಕಿಂತ ಜಾಸ್ತಿ ಬಿಸಿ ಕೇಳುತ್ತದೆ. ಅಷ್ಟು ಬಿಸಿ ಕೊಟ್ಟರೆ ಎಂಜೈಮ್ ಸಾಯುತ್ತದೆ. ಒಬ್ಬರು ಬರುವ ಹೊತ್ತಿಗೆ ಇನ್ನೊಬ್ಬರು ಎದ್ದು ಹೋಗಿರುತ್ತಾರೆ. ಇದಕ್ಕೆ ಜೋಳ, ಸಿರಿಧಾನ್ಯದಲ್ಲಿ ಬಿಯರ್ ಮಾಡುವವರು ಹುಡುಕಿಕೊಂಡ ಉಪಾಯ ಇಬ್ಬರನ್ನೂ ಬೇರೆ ಮಾಡುವುದು.

ಎರಡನೇ ಬ್ಯಾಚಿಗೆ ಹೀಗೆ ಮಾಡಿದೆ. ಒಂದು ಕೆಜಿ ಮಾಲ್ಟನ್ನು ಮಿಕ್ಸಿಯಲ್ಲಿ ಮೂರೇ ಸುತ್ತು ತಿರುಗಿಸಿ ತರಿ ಮಾಡಿಕೊಂಡೆ. ನುಣ್ಣಗಾದರೆ ಅಂಟು. ಮೂರು ಲೀಟರ್ 50 ಡಿಗ್ರಿ ನೀರಿಗೆ ಹಾಕಿ ಮುಕ್ಕಾಲು ತಾಸು ಬಿಟ್ಟೆ. ತರಿ ತಳಕ್ಕೆ ಕೂತಿತು, ಮೇಲೆ ತಿಳಿ ನಿಂತಿತು. ಎಂಜೈಮ್ ಎಲ್ಲ ಆ ತಿಳಿಯಲ್ಲೇ ಇರುತ್ತದೆ. ಸೌಟಿನಿಂದ ಒಂದೂಕಾಲು ಲೀಟರ್ ತಿಳಿಯನ್ನು ಮೆಲ್ಲಗೆ ಬಗ್ಗಿಸಿ ಬೇರೆ ಇಟ್ಟೆ. ಉಳಿದ ಗಟ್ಟಿಯನ್ನು ಇಪ್ಪತ್ತು ನಿಮಿಷ ಕುದಿಸಿದೆ. ರಾಗಿ ಗಂಜಿ, ಬೇರೇನಲ್ಲ. ಅದು 75ಕ್ಕೆ ಇಳಿಯುವವರೆಗೆ ಕಾದು ಆಮೇಲೆ ತಿಳಿ ಹಾಕಿದೆ. ಎರಡೂ ಸೇರಿ 65ಕ್ಕೆ ನಿಂತಿತು. ಆತುರ ಮಾಡಿ ಕುದಿಯುವ ಗಂಜಿಗೇ ತಿಳಿ ಸುರಿದರೆ ಎಲ್ಲ ನೀರುಪಾಲು.

ಹತ್ತು ನಿಮಿಷ ಕೈಯಾಡಿಸುವಷ್ಟರಲ್ಲಿ ಸೌಟು ಹಗುರಾಯಿತು. ಮುದ್ದೆ ತೊಳಸಿದ ಹಾಗಿದ್ದದ್ದು ಸಾರಿನ ಹಾಗೆ ತೆಳ್ಳಗಾಯಿತು. ಕಣ್ಣೆದುರಿಗೇ ಪಿಷ್ಟ ಕರಗುವುದನ್ನು ನೋಡಿದ್ದು ಅದೇ ಮೊದಲು. ಒಲೆ ಆರಿಸಿ ಅಲ್ಲೇ ನಿಂತು ನೋಡುತ್ತಿದ್ದೆ. ಕಂಬಳಿಯೊಳಗೆ ಒಂದೂವರೆ ತಾಸು ಇಟ್ಟು ಅಯೋಡಿನ್ ಹನಿಸಿದರೆ ಚಹಾ ಬಣ್ಣ ಹಾಗೇ ಉಳಿಯಿತು.

ಸೋಸುವುದಕ್ಕೆ ಭತ್ತದ ಹೊಟ್ಟು ಬೇಕಾಯಿತು. ಬಾರ್ಲಿಗೆ ತನ್ನದೇ ಹೊಟ್ಟು ಇರುವುದರಿಂದ ಅದೇ ಜರಡಿಯ ಹಾಗೆ ಕೂರುತ್ತದೆ. ರಾಗಿಗೆ ಆ ಭಾಗ್ಯ ಇಲ್ಲ. ನಮ್ಮೂರಲ್ಲಿ ರೈಸ್ ಮಿಲ್ಲಿಗೆ ಬರವೇ? ಆದರೆ ಔಷಧಿ ಹೊಡೆದ ಭತ್ತದ ಹೊಟ್ಟನ್ನು ಈ ರಸಕ್ಕೆ ಹಾಕೋಕೆ ಮನಸ್ಸಾಗಲಿಲ್ಲ. ಸಾವಯವ ಭತ್ತ ಬೆಳೆಯುವ ಗೆಳೆಯ ಒಂದು ಚೀಲ ಹೊಟ್ಟು ಕೊಟ್ಟ. ಎರಡು ಹಿಡಿ ತೆಗೆದು ನೀರು ತಿಳಿಯಾಗುವ ತನಕ ತೊಳೆದು, ಕುದಿಸಿ, ಗಂಜಿಗೆ ಬೆರೆಸಿದೆ. ತೂತಿನ ಪಾತ್ರೆಗೆ ಪಂಚೆ ಹಾಸಿ ಸುರಿದರೆ ಅರ್ಧ ತಾಸಿನಲ್ಲಿ ಇಳಿಯಿತು. ಮೇಲಿಂದ ಎರಡೂವರೆ ಲೀಟರ್ ಬಿಸಿನೀರು ಹಾಯಿಸಿದೆ.

ಆ ರಸವನ್ನು ಮುಕ್ಕಾಲು ತಾಸು ಕುದಿಸಿದೆ. ಬಿಯರಿನ ಕಹಿಗೆ ಹಾಪ್ಸ್ ಅನ್ನುವ ಬಳ್ಳಿಯ ಹೂ ಹಾಕುತ್ತಾರೆ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದನ್ನು ಬೆಳೆಯುತ್ತಾರೆ, ನನಗೆ ಸಾವಯವದ್ದು ಸಿಗಲಿಲ್ಲ. ಬದಲಿಗೆ ಹೇರಳೆಕಾಯಿಯ ಹಸಿರು ಸಿಪ್ಪೆ ಹಾಕಿದೆ, ಜೊತೆಗೆ ಜಜ್ಜಿದ ಶುಂಠಿ 60 ಗ್ರಾಂ. ಕಡೆಗೆ ಉಳಿದದ್ದು ನಾಲ್ಕು ಲೀಟರಿನ ಮೇಲೆ ಒಂದು ಲೋಟ. ಹೈಡ್ರೋಮೀಟರ್ 1.030. ಅವತ್ತು ಸಂಜೆ ನಾನು ನೆಲದ ಮೇಲೆ ನಡೆಯಲಿಲ್ಲ.

ಶುಂಠಿ ಹೆಪ್ಪು

ಪ್ಯಾಕೆಟ್ ಈಸ್ಟ್ ಹಾಕಲಿಲ್ಲ. ಮೂರು ಗೆರೆಗೆ ನಿಲ್ಲಿಸಬೇಕಾದ ಕೆಲಸಕ್ಕೆ ಅದು ತುಂಬಾ ಜೋರು. ಶುಂಠಿ ಸಿಪ್ಪೆಯ ಮೇಲೆ ಕಾಡು ಈಸ್ಟ್ ಇರುತ್ತದೆ, ಅದನ್ನೇ ಹೆಪ್ಪಿನ ಹಾಗೆ ಬೆಳೆಸಿದೆ. ಒಂದು ಗಾಜಿನ ಭರಣಿ, ಎರಡು ಲೋಟ ನೀರು, ದಿನಕ್ಕೊಂದು ಚಮಚ ಸಿಪ್ಪೆ ಸಮೇತ ತುರಿದ ಶುಂಠಿ, ಒಂದು ಚಮಚ ಬೆಲ್ಲ. ನಲ್ಲಿ ನೀರನ್ನು ಕುದಿಸಿ ಆರಿಸಿ ಹಾಕಬೇಕು, ಇಲ್ಲದಿದ್ದರೆ ಕ್ಲೋರಿನ್ ಈಸ್ಟನ್ನೇ ಕೊಲ್ಲುತ್ತದೆ.

ಸಾವಯವ ಸಾಮಾನಿನಿಂದ ನಿಜಕ್ಕೂ ವ್ಯತ್ಯಾಸ ಕಂಡದ್ದು ಇಲ್ಲಿ. ಮಾರ್ಕೆಟ್ಟಿನ ತೊಳೆದು ಬಿಳಿಚಿದ ಶುಂಠಿ ಐದು ದಿನ ಕಳೆದರೂ ಮಿಸುಕಲಿಲ್ಲ. ಚನ್ನಗಿರಿ ಭಾವನ ತೋಟದ, ಮಣ್ಣು ಮೆತ್ತಿದ ಶುಂಠಿ ಮೂರನೇ ದಿನಕ್ಕೆ ಗುಳುಗುಳು ಅಂತು. ಬೆಲ್ಲವೂ ಹಾಗೇ. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಹಾಕಿರುತ್ತಾರೆ. ಅದು ಗಂಧಕದ ಉಪ್ಪು, ಈಸ್ಟಿಗೆ ಆಗದು. ಮಣ್ಣಿನ ಬಣ್ಣದ ಕಪ್ಪು ಬೆಲ್ಲವೇ ಸರಿ. ಭರಣಿಯ ಮೇಲೆ ಹಸಿರೋ ಕಪ್ಪೋ ಬೂಷ್ಟು ಕಂಡರೆ ಯೋಚನೆ ಮಾಡಬೇಡಿ, ಚೆಲ್ಲಿಬಿಡಿ.

ಬಾಟಲಿ ಯಾಕೆ ಒಡೆಯಿತು

ಶನಿವಾರ ಮಧ್ಯಾಹ್ನ ರಸಕ್ಕೆ ಹೆಪ್ಪಿನ ನೀರು ಅರ್ಧ ಲೋಟ ಸೇರಿಸಿ ಬಾಟಲಿಗೆ ತುಂಬಿದೆ. ಏಳು ಪ್ಲಾಸ್ಟಿಕ್ ಸೋಡಾ ಬಾಟಲಿ. ಮಿಕ್ಕಿದ್ದು ಚೆಲ್ಲುವುದು ಯಾಕೆ ಅಂತ ಒಂದು ಸ್ಕ್ವಾಷ್ ಬಾಟಲಿ. ಭಾನುವಾರ ಬೆಳಿಗ್ಗೆ ಫ್ರಿಜ್ಜಿಗೆ ಇಡುವುದು ಅಂತ ಲೆಕ್ಕ. ಬೆಳಿಗ್ಗೆ ಎದ್ದವನೇ ಹರಿಹರಕ್ಕೆ ಮದುವೆಗೆ ಹೋದೆ. ರಾತ್ರಿ ಬಂದು ಮಲಗಿದೆ. ಉಳಿದದ್ದು ಮೊದಲೇ ಹೇಳಿದೆ.

ಪ್ಲಾಸ್ಟಿಕ್ ಬಾಟಲಿಗಳು ಒಡೆದಿರಲಿಲ್ಲ, ತಳ ಉಬ್ಬಿ ನಿಲ್ಲೋಕಾಗದೆ ಉರುಳಿಕೊಂಡಿದ್ದವು. ಬೆಳಿಗ್ಗೆ ಹಿತ್ತಲಿಗೆ ಒಯ್ದು, ಗೋಣಿಚೀಲ ಮುಚ್ಚಿ, ಮುಚ್ಚಳವನ್ನು ಒಂದೊಂದೇ ಎಳೆ ಸಡಿಲಿಸಿದೆ. ಒಂದರ ರಸವನ್ನು ಚಹಾ ಆರಿಸುವ ಹಾಗೆ ಲೋಟದಿಂದ ಲೋಟಕ್ಕೆ ಸುರಿದು ಗ್ಯಾಸ್ ಬಿಡಿಸಿ ಅಳೆದೆ. 1.016! ಹದಿನಾಲ್ಕು ಗೆರೆ. ಸುಮಾರು ಒಂದೂಮುಕ್ಕಾಲು ಪರ್ಸೆಂಟ್. ಅಷ್ಟನ್ನೂ ಬಚ್ಚಲಿಗೆ ಸುರಿದೆ. ಗಾಜಿನ ಬಾಟಲಿಗೆ ಅವತ್ತೇ ನಮಸ್ಕಾರ ಹೇಳಿದೆ. ಪ್ಲಾಸ್ಟಿಕ್ಕಾದರೆ ಹಿಸುಕಿ ನೋಡಬಹುದು: ಗಟ್ಟಿಯಾದರೆ ಗ್ಯಾಸ್ ಆಯಿತು ಅಂತ. ಗಾಜು ಏನೂ ಹೇಳುವುದಿಲ್ಲ.

ತಪ್ಪು ಮರೆವಿನದು ಮಾತ್ರ ಅಲ್ಲ. ಏಪ್ರಿಲ್ ಮೊದಲ ವಾರ ನಮ್ಮ ಅಡುಗೆಮನೆಯಲ್ಲಿ ಮಧ್ಯಾಹ್ನ 36 ಡಿಗ್ರಿ. ಆಮೇಲೆ ಬೇಕಂತಲೇ ಒಂದು ಬಾಟಲಿ ಬೆಲ್ಲದ ನೀರಿಟ್ಟು ನೋಡಿದೆ. ಒಂಬತ್ತು ತಾಸಿಗೆ ಕಲ್ಲಿನ ಹಾಗಾಯಿತು. ಬೆಳಿಗ್ಗೆ ತುಂಬಿ ಕೆಲಸಕ್ಕೆ ಹೋದರೆ ಬರುವಷ್ಟರಲ್ಲಿ ಗಡಿ ದಾಟಿರುತ್ತದೆ. ಅಷ್ಟು ಬಿಸಿಗೆ ರುಚಿಯೂ ಕೆಡುತ್ತದೆ, ಸಾಲ್ವೆಂಟಿನ ಹಾಗೆ ಒಂದು ಘಾಟು. ಫ್ರಿಜ್ಜಿನಲ್ಲಿಟ್ಟರೆ ಹುದುಗು ಏಳುವುದೇ ಇಲ್ಲ. 25-27ರ ಜಾಗ ಬೇಕು. ಇದಕ್ಕಂತ ಎ.ಸಿ. ಹಾಕಿಸಿದರೆ ಅವ್ವ ನನ್ನನ್ನೇ ಹೊರಗೆ ಹಾಕುತ್ತಾಳೆ.

ಇಟ್ಟಿಗೆ ಪೆಟ್ಟಿಗೆ

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಕರೆಂಟ್ ಬೇಡದ ಒಂದು ತಂಪು ಕೋಣೆ ಮಾಡಿದ್ದರು, ತರಕಾರಿ ಇಡೋಕೆ. ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ ಮರಳು, ಮರಳಿಗೆ ನೀರು. ನೀರು ಆವಿಯಾಗುವಾಗ ಒಳಗಿನ ಬಿಸಿ ಎಳೆದುಕೊಂಡು ಹೋಗುತ್ತದೆ. ಮಡಕೆ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಗಾಳಿ ಒಣಗಿದ್ದಷ್ಟೂ ಇದು ಚೆನ್ನಾಗಿ ನಡೆಯುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮೂರ ಗಾಳಿಗಿಂತ ಒಣ ಗಾಳಿ ಬೇಕೇ? 38 ಡಿಗ್ರಿ, ತೇವಾಂಶ 25 ಪರ್ಸೆಂಟ್ ಇದ್ದರೆ ಲೆಕ್ಕದ ಪ್ರಕಾರ 23ರ ತನಕ ಇಳಿಸಬಹುದು. ಅಷ್ಟು ನಿಜಕ್ಕೆ ಆಗುವುದಿಲ್ಲ, 27 ಆದರೆ ನನಗೆ ಸಾಕಿತ್ತು.

ಹಿತ್ತಲಿನ ಹೊಂಗೆಮರದ ಕೆಳಗೆ ಜಾಗ ಸಮ ಮಾಡಿದೆ. ಪಕ್ಕದ ಮನೆ ಕಟ್ಟಿ ಉಳಿದ ಇಟ್ಟಿಗೆ ಇನ್ನೂರು ಸಿಕ್ಕವು. ತಳಕ್ಕೆ ಒಂದು ವರಸೆ ಹಾಸಿದೆ. ಅದರ ಮೇಲೆ ಒಳಗೋಡೆ, ಒಳಗಿನ ಜಾಗ ಒಂದೂವರೆ ಅಡಿ ಚೌಕ. ಮೂರು ಇಂಚು ಬಿಟ್ಟು ಹೊರಗೋಡೆ. ಎರಡೂ ಆರು ವರಸೆ ಎತ್ತರ. ಸಿಮೆಂಟ್ ಹಾಕಲಿಲ್ಲ. ಇಟ್ಟಿಗೆ ನೀರು ಕುಡಿಯಬೇಕು, ಉಸಿರಾಡಬೇಕು. ಬೇಡವಾದ ದಿನ ಬಿಚ್ಚಿ ಇಡಲೂಬಹುದು. ನಡುವಿನ ಸಂದಿಗೆ ಎಂಟು ಬಾಂಡ್ಲಿ ಹೊಳೆ ಮರಳು ಹೋಯಿತು. ಹೊಳೆ ಮರಳಿಗೆ ಈಗ ಬಂಗಾರದ ರೇಟು. ಇದೂ ಆ ಮನೆಯವರ ಗಾರೆ ಕೆಲಸದಲ್ಲಿ ಉಳಿದದ್ದು.

ಮೊದಲ ದಿನ ಚೆಂಬಿನಲ್ಲಿ ನೀರು ಹೊಯ್ದೆ. ಒಂದು ಮೂಲೆ ತೋಯುತ್ತಿತ್ತು, ಇನ್ನೊಂದು ಒಣಗುತ್ತಿತ್ತು. ಭಾವನಿಗೆ ಫೋನ್ ಮಾಡಿದೆ.

"ಭಾವ, ಡ್ರಿಪ್ ಪೈಪಿನ ತುಂಡೇನಾರ ಐತಾ?"

"ತೋಟದ ತುಂಬ ಅವೇ ಅದಾವೆ. ಎಷ್ಟು ಮಾರು ಬೇಕು?"

"ಮೂರು ಮಾರು ಸಾಕು."

"ಮೂರು ಮಾರಿಗೆ ಎಂಥಾ ಅಡಿಕೆ ಹಾಕ್ತೀಯೋ ಮಾರಾಯ?"

ಏನಕ್ಕೆ ಅಂತ ಹೇಳಲಿಲ್ಲ. ಪೈಪನ್ನು ಮರಳಿನ ಮೇಲೆ ಸುತ್ತ ಹಾಸಿ, ಗೋಡೆ ಮೇಲಿಟ್ಟ ಬಕೆಟ್ಟಿಗೆ ಸಿಕ್ಕಿಸಿದೆ. ದಿನಕ್ಕೊಂದು ಬಕೆಟ್ ನೀರು ಸಾಕಾಗುತ್ತದೆ. ಮುಚ್ಚಳಕ್ಕೆ ಬಿದಿರು ದಬ್ಬೆಯ ಚೌಕಟ್ಟು, ಅದಕ್ಕೆ ಎರಡು ಪದರ ಗೋಣಿಚೀಲ ಹೊಲಿದೆ. ಚೀಲವನ್ನು ಎ.ಪಿ.ಎಂ.ಸಿ. ಹತ್ತಿರ ಕೊಂಡೆ. ಗೊಬ್ಬರದ ವಾಸನೆ ಇದ್ದದ್ದಕ್ಕೆ ಮೂರು ಸಲ ಸೋಪು ಹಾಕಿ ಒಗೆಯಬೇಕಾಯಿತು.

ಎರಡು ದಿನ ಬರೀ ಥರ್ಮಾಮೀಟರ್ ಇಟ್ಟು ನೋಡಿದೆ. ಮಧ್ಯಾಹ್ನ ಮೂರಕ್ಕೆ ನೆರಳಿನಲ್ಲಿ 38.5, ಅಡುಗೆಮನೆಯಲ್ಲಿ 35.8, ಪೆಟ್ಟಿಗೆಯೊಳಗೆ 27.4. ಬೆಳಗಿನ ಜಾವ ಹೊರಗೆ 25, ಒಳಗೆ 23.5. ಹೊರಗೆ ಹದಿಮೂರು ಡಿಗ್ರಿ ಏರಿಳಿದರೆ ಒಳಗೆ ನಾಲ್ಕೇ. ಮುಚ್ಚಳ ಎತ್ತಿ ಕೈ ಇಳಿಬಿಟ್ಟರೆ ಮೊಣಕೈವರೆಗೆ ತಣ್ಣಗೆ, ಹೊಸ ಮಡಕೆಯ ಮಣ್ಣಿನ ವಾಸನೆ.

ಮೂರನೇ ಸಲ

ಮೂರನೇ ಬ್ಯಾಚಿನಲ್ಲಿ ಎರಡು ಬದಲಾವಣೆ ಮಾಡಿದೆ. ಎರಡನೆಯದರಲ್ಲಿ ಗಂಜಿ ಕುದಿಸುವಾಗ ತಳ ಹಿಡಿದು ಸ್ವಲ್ಪ ಸೀದ ವಾಸನೆ ಬಂದಿತ್ತು. ಈ ಸಲ ಗಂಜಿ ಪಾತ್ರೆಯನ್ನು ದೊಡ್ಡ ಕುಕ್ಕರಿನೊಳಗೆ ಇಟ್ಟು, ಅನ್ನಕ್ಕೆ ಕೂಗಿಸುವ ಹಾಗೆ ನಾಲ್ಕು ಸೀಟಿ ಕೂಗಿಸಿದೆ. ತಳ ಹಿಡಿಯಲಿಲ್ಲ. ಕುದಿಸಿದ ರಸ ಆರಿಸೋಕೂ ಪೆಟ್ಟಿಗೆಯೇ ಬಂತು. ನಮ್ಮ ಟ್ಯಾಂಕಿನ ನೀರೇ 32 ಇರುವಾಗ ಅದರಲ್ಲಿಟ್ಟರೆ ಎಲ್ಲಿ ತಣ್ಣಗಾದೀತು? ಬಿಗಿಯಾಗಿ ಮುಚ್ಚಿ ರಾತ್ರಿ ಪೆಟ್ಟಿಗೆಯಲ್ಲಿಟ್ಟೆ, ಬೆಳಿಗ್ಗೆ 25ಕ್ಕೆ ಇಳಿದಿತ್ತು.

ಪ್ಲಾಸ್ಟಿಕ್ ಬಾಟಲಿ ತೊಳೆಯೋಕೆ ಕುದಿಯುವ ನೀರು ಸುರಿಯಬೇಡಿ. ನಾನು ಸುರಿದೆ. ಬಾಟಲಿ ಮುದುಡಿ ಹಾಗಲಕಾಯಿಯ ಹಾಗಾಯಿತು. ಕೈ ತಡೆಯುವಷ್ಟು ಬಿಸಿಯ ನೀರು, ಹೊಸ ಮುಚ್ಚಳ, ಚೆನ್ನಾಗಿ ಕುಲುಕುವುದು, ಅಷ್ಟೆ.

ಬೆಳಿಗ್ಗೆ ಎಂಟಕ್ಕೆ ತುಂಬಿ ಇಳಿಸಿದೆ. ಮಧ್ಯಾಹ್ನ ಹಿಸುಕಿದರೆ ಮೆತ್ತಗೆ. ರಾತ್ರಿ ಹತ್ತಕ್ಕೆ ಸ್ವಲ್ಪ ಬಿರುಸು. ಮರುದಿನ ಬೆಳಿಗ್ಗೆ ಆರಕ್ಕೆ, ಅಂದರೆ ಇಪ್ಪತ್ತೆರಡು ತಾಸಿಗೆ, ಹೆಬ್ಬೆರಳು ಕಷ್ಟಪಟ್ಟು ತಗ್ಗುವಷ್ಟು ಗಟ್ಟಿ. ಒಂದನ್ನು ಬಿಚ್ಚಿ ಅಳೆದೆ: 1.027. ಬೇಕಾದದ್ದು ಅದೇ. ಎಲ್ಲವನ್ನೂ ಫ್ರಿಜ್ಜಿಗೆ ತುರುಕಿದೆ. ಈಸ್ಟ್ ಅಲ್ಲಿ ಸಾಯುವುದಿಲ್ಲ, ಮಲಗುತ್ತದೆ. ರಸದಲ್ಲಿ ಸಕ್ಕರೆಯೂ ಇನ್ನೂ ಬೇಕಾದಷ್ಟಿದೆ. ಹಾಗಾಗಿ ಹೊರಗೆ ಇಡಬಾರದು, ವಾರದೊಳಗೆ ಖಾಲಿ ಮಾಡಬೇಕು. ಕರೆಂಟ್ ತಾಸುಗಟ್ಟಲೆ ಹೋದ ದಿನ ಒಂದೊಂದರ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಟ್ಟೆ.

ಸಂಜೆ ನರ್ಗೀಸ್ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದೆ. ಲೋಟಕ್ಕೆ ಸುರಿದರೆ ಬೆರಳು ದಪ್ಪ ನೊರೆ ಬಂತು, ಬೇಗ ಇಳಿಯಿತು. ಬಣ್ಣ ಕೆಸರು ಕಂದು. ಮೊದಲು ಹುರಿದ ರಾಗಿಯ ರುಚಿ, ನಡುವೆ ಶುಂಠಿ ಖಾರ, ಕಡೆಗೆ ಹೇರಳೆ ಸಿಪ್ಪೆಯ ಕಹಿ ಗಂಟಲಲ್ಲಿ ನಿಲ್ಲುತ್ತದೆ. ಬಾಟಲಿ ಬಿಯರಿನ ಹಾಗಿದೆ ಅಂದರೆ ಸುಳ್ಳಾಗುತ್ತದೆ. ಮಂಡಕ್ಕಿಯ ಖಾರಕ್ಕೆ ಮಾತ್ರ ಒಳ್ಳೆ ಜೋಡಿ. ಅವ್ವ ಒಂದು ಗುಟುಕು ಕುಡಿದು, "ಇದೇನೋ ಇದು, ಕಷಾಯಾನೋ ಕಳ್ಳೋ?" ಅಂದಳು. ಎರಡೂ ಅಲ್ಲ ಅಂದೆ. ಲೋಟ ಕೆಳಗಿಡಲಿಲ್ಲ.

ಮಳೆ ಬಂದ ಮೇಲೆ

ನಾಲ್ಕನೇ ಬ್ಯಾಚ್ ಕೃತ್ತಿಕೆ ಮಳೆಯಲ್ಲಿ. ಎರಡು ದಿನ ಸುರಿದು ಗಾಳಿಯೆಲ್ಲ ಒದ್ದೆ. ಹೊರಗೆ 33, ಪೆಟ್ಟಿಗೆಯಲ್ಲಿ 29. ನಾಲ್ಕೇ ಡಿಗ್ರಿ ವ್ಯತ್ಯಾಸ. ಗಾಳಿಯಲ್ಲೇ ನೀರು ತುಂಬಿರುವಾಗ ಮರಳಿನ ನೀರು ಎಲ್ಲಿಗೆ ಹೋಗಬೇಕು? ಇದು ಗೊತ್ತಿದ್ದೂ ಮೊದಲೇ ಯೋಚಿಸಿರಲಿಲ್ಲ. ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ಎರಡು ನೀರಿನ ಬಾಟಲಿಯನ್ನು ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಒಳಗಿಟ್ಟೆ. 26ಕ್ಕೆ ಬಂತು. ಹತ್ತೊಂಬತ್ತು ತಾಸಿಗೇ ಗಟ್ಟಿಯಾಯಿತು, ಅಳತೆ 1.027. ಹೇರಳೆ ಸಿಪ್ಪೆ ಈ ಸಲ ಅರ್ಧ ಮಾಡಿದ್ದೆ, ಕಹಿ ಹದಕ್ಕೆ ಬಂದಿದೆ. ಹೊಂಗೆ ಎಲೆ ಬಿದ್ದು ಕೊಳೆತು ಡ್ರಿಪ್ಪಿನ ಎರಡು ಕಣ್ಣು ಕಟ್ಟಿದ್ದವು, ಸೂಜಿಯಿಂದ ಬಿಡಿಸಿದೆ. ಗೋಣಿ ಮುಚ್ಚಳಕ್ಕೆ ಬೂಷ್ಟು ಹಿಡಿಯೋಕೆ ಶುರುವಾಗಿದೆ, ಅದನ್ನು ಬದಲಿಸಬೇಕು.

ಪೆಟ್ಟಿಗೆಯಲ್ಲಿ ಅರ್ಧ ಜಾಗವನ್ನು ಅವ್ವ ಹಿಡಿದುಕೊಂಡಿದ್ದಾಳೆ. ಕೊತ್ತಂಬರಿ, ಮೆಂತೆಸೊಪ್ಪು, ಒಂದು ಬುಟ್ಟಿ ಟೊಮೇಟೊ. ಬಾಟಲಿ ಇಡಬೇಕಾದರೆ ಕೇಳಿ ಇಡಬೇಕು. ನಿನ್ನೆ ನವಣೆಯ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಟೊಮೇಟೊ ಬುಟ್ಟಿ ಪಕ್ಕ ಇಟ್ಟಿದ್ದೇನೆ. ಗುರುವಾರ ಬಿಚ್ಚಿ ಎಣಿಸಬೇಕು.